ಊರಿಗೆ ಮರಳಿದ ಸಿಪಾಯಿ

ದಂಡಿನಿಂದ ಬಿಡುಗಡೆ ಹೊಂದಿ ಬಂದ ಸಿಪಾಯಿಗೆ ನಮ್ಮ ಹಳ್ಳಿಗಳಲ್ಲಿ ಒಂದು ಬಗೆಯ ಗೌರವವುಂಟು. ಆತ ದೂರದ ಸೀಮೆಗಳನ್ನು ಕಂಡವನು; ಬಂದೂಕು ಹಿಡಿದವನು; ತಿಂಗಳಿಗೊಮ್ಮೆ ಪಿಂಚಣಿ ಎಣಿಸಿಕೊಳ್ಳುವವನು. ಸಂಜೆಯ ಹೊತ್ತು ಅರಳಿಕಟ್ಟೆಯ ಮೇಲೆ ಕುಳಿತು ಆತ ಯುದ್ಧದ ಕಥೆಗಳನ್ನು ಹೇಳತೊಡಗಿದರೆ ಹುಡುಗರು ಕಣ್ಣರಳಿಸಿ ಕೇಳುತ್ತಾರೆ. ಇದಕ್ಕಿಂತ ಹೆಚ್ಚಿನದನ್ನು ಊರು ಅವನಿಂದ ಬಯಸುವುದಿಲ್ಲ. ಆತನೂ ಕೊಡಲು ಹೋಗುವುದಿಲ್ಲ. ಗಡಿಯನ್ನು ಕಾದು ದಣಿದ ಜೀವ ಉಳಿದ ದಿನಗಳನ್ನು ನೆಮ್ಮದಿಯಿಂದ ಕಳೆಯಲೆಂದೇ ಎಲ್ಲರೂ ಹರಸುತ್ತಾರೆ.

1975ರಲ್ಲಿ ಮಹಾರಾಷ್ಟ್ರದ ಒಂದು ಬಡ ಹಳ್ಳಿಗೆ ಹೀಗೆ ಮರಳಿದ ಸೇನೆಯ ವಾಹನ ಚಾಲಕರೊಬ್ಬರು ಮಾತ್ರ ಈ ರೂಢಿಯನ್ನು ಮುರಿದರು. ಮನೆಗೆ ಹೋಗುವ ಬದಲು ಊರ ಗುಡಿಯಲ್ಲಿ ಹಾಸಿಗೆ ಹಾಸಿದರು. ಆಗ ಅವರಿಗೆ ನಾಲ್ವತ್ತು ವರ್ಷವೂ ತುಂಬಿರಲಿಲ್ಲ. ಮದುವೆಯಾಗಿರಲಿಲ್ಲ, ಆಗುವ ವಿಚಾರವೂ ಇರಲಿಲ್ಲ. ಆ ಹಳ್ಳಿಯ ಹೆಸರು ರಾಳೇಗಣ ಸಿದ್ಧಿ. ಆ ಸಿಪಾಯಿಯ ಹೆಸರು ಕಿಸನ ಬಾಬುರಾವ್ ಹಜಾರೆ. ಊರಿನವರು ಅವರನ್ನು ‘ಅಣ್ಣಾ’ ಎಂದು ಕರೆದರು. ಕನ್ನಡಿಗರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಿಲ್ಲಿಯ ಉಪವಾಸಗಳಿಂದಾಗಿ 2011ರಲ್ಲಿ ಆ ಹೆಸರು ದೇಶದ ಮನೆಮನೆಗೂ ಮುಟ್ಟಿತು. ಆದರೆ ಅದಕ್ಕಿಂತ ಮೂವತ್ತೈದು ವರ್ಷ ಮೊದಲೇ ಆರಂಭವಾದ ಅವರ ನಿಜವಾದ ಕಾರ್ಯ, ವೃತ್ತಪತ್ರಿಕೆಗಳ ಗದ್ದಲದಿಂದ ದೂರದಲ್ಲಿ, ಸಾವಿರದಿನ್ನೂರು ಜನರ ಒಂದು ಹಳ್ಳಿಯ ಎಲ್ಲೆಯೊಳಗೆ ನಡೆದುದು. ಈ ಲೇಖನ ಆ ಹಳ್ಳಿಯನ್ನೂ ಆ ಕಾರ್ಯವನ್ನೂ ಕುರಿತದ್ದು.

ಹೂ ಮಾರಿದ ಹುಡುಗ

ಹಜಾರೆಯವರು ಹುಟ್ಟಿದ್ದು 1937ರಲ್ಲಿ, ಅಹಮದನಗರದ ಬಳಿಯ ಭಿಂಗಾರದಲ್ಲಿ. ಅಜ್ಜ ಸೇನೆಯಲ್ಲಿದ್ದವರು. ತಂದೆ ಬಾಬುರಾಯರು ಅಲ್ಲಿಯ ಆಯುರ್ವೇದ ಔಷಧಾಲಯವೊಂದರಲ್ಲಿ ಕೂಲಿಯಾಳಾಗಿದ್ದರು. ಮಕ್ಕಳು ಹೆಚ್ಚಿದಂತೆ ಸಂಸಾರದ ಭಾರ ತಾಳಲಾರದೆ ಕುಟುಂಬವು ಪೂರ್ವಿಕರ ಊರಾದ ರಾಳೇಗಣ ಸಿದ್ಧಿಗೆ ಬಂದು, ಇದ್ದ ಚೂರು ಭೂಮಿಯನ್ನು ನೆಚ್ಚಿ ನಿಂತಿತು. ನೆಚ್ಚಿದ ಭೂಮಿ ಹೊಟ್ಟೆ ತುಂಬಿಸಲಿಲ್ಲ. ಓದಿಸುವೆನೆಂದು ಬಂಧುಗಳೊಬ್ಬರು ಹಿರಿಯ ಮಗ ಕಿಸನನನ್ನು ಮುಂಬಯಿಗೆ ಕರೆದೊಯ್ದರು. ಓದು ಏಳನೆಯ ತರಗತಿಗೆ ನಿಂತಿತು. ಹುಡುಗ ದಾದರ್ ರೈಲು ನಿಲ್ದಾಣದ ಬಳಿ ಹೂ ಮಾರತೊಡಗಿದ. ಕ್ರಮೇಣ ಸ್ವಂತ ಹೂವಿನ ಅಂಗಡಿಯನ್ನೂ ಇಟ್ಟ.

1960ರ ದಶಕದ ಮೊದಲ ವರ್ಷಗಳಲ್ಲಿ ಆತ ಸೇನೆಯನ್ನು ಸೇರಿ ಲಾರಿ ಚಾಲಕನಾದ. 1965ರ ಪಾಕಿಸ್ತಾನ ಯುದ್ಧದ ಕಾಲಕ್ಕೆ ಪಂಜಾಬಿನ ಖೇಮಕರಣ ವಿಭಾಗದಲ್ಲಿದ್ದಾಗ ಶತ್ರುವಿನ ದಾಳಿಯೊಂದರಲ್ಲಿ ಸಂಗಡಿಗರೆಲ್ಲ ಮಡಿದರು. ಲಾರಿ ನಡೆಸುತ್ತಿದ್ದ ಹಜಾರೆ ಒಬ್ಬರೇ ಉಳಿದರು. ಪಕ್ಕದಲ್ಲಿದ್ದವನು ಹೋಗಿ ತಾನೊಬ್ಬನೇ ಉಳಿದ ಮನುಷ್ಯನಿಗೆ ಬದುಕು ಮೊದಲಿನಂತೆ ಕಾಣುವುದಿಲ್ಲ. ಒಂದು ಹಂತದಲ್ಲಿ ಪ್ರಾಣವನ್ನೇ ನೀಗಿಕೊಳ್ಳಬೇಕೆಂಬ ಯೋಚನೆಯೂ ಅವರಿಗೆ ಬಂದಿತ್ತು. ಹೊಸದಿಲ್ಲಿಯ ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಸಿಕ್ಕ ಸ್ವಾಮಿ ವಿವೇಕಾನಂದರ ಚಿಕ್ಕ ಪುಸ್ತಕವೊಂದು ತಮ್ಮ ಮನಸ್ಸನ್ನು ತಿರುಗಿಸಿತೆಂದು ಅವರು ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಗಾಂಧಿ, ವಿನೋಬಾ ಇವರ ಬರಹಗಳೂ ಜೊತೆಗೂಡಿದವು. ಉಳಿದು ಬಂದ ಈ ಆಯುಸ್ಸು ತನ್ನದಲ್ಲ, ಪರರದು ಎಂಬ ಭಾವನೆ ಬಲಿಯಿತು. ಅವಿವಾಹಿತರಾಗಿಯೇ ಉಳಿಯಲು ನಿಶ್ಚಯಿಸಿ, 1975ರಲ್ಲಿ ಸೇನೆಯಿಂದ ನಿವೃತ್ತರಾಗಿ ಅವರು ಊರಿನ ದಾರಿ ಹಿಡಿದರು.

ಒಣಗಿದ ಊರು

ಹಿಂದೆ ಅಹಮದನಗರವೆನಿಸಿದ್ದು 2024ರಲ್ಲಿ ಅಹಿಲ್ಯಾನಗರವೆಂಬ ಹೆಸರು ಪಡೆದ ಜಿಲ್ಲೆಯ ಪಾರನೇರ ತಾಲೂಕಿನಲ್ಲಿ ರಾಳೇಗಣ ಸಿದ್ಧಿ ಇದೆ. ಸಹ್ಯಾದ್ರಿಯು ಮುಂಗಾರಿನ ಮೋಡಗಳನ್ನು ತನ್ನ ಪಶ್ಚಿಮ ಮಗ್ಗುಲಲ್ಲೇ ಹಿಂಡಿಕೊಂಡುಬಿಡುವುದರಿಂದ ಈ ಪ್ರದೇಶ ಮಳೆಯ ನೆರಳಿನಲ್ಲಿ ಬೀಳುತ್ತದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 400ರಿಂದ 500 ಮಿಲಿಮೀಟರು; ಅದೂ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ವಿಜಾಪುರ, ಗದಗ, ಚಿತ್ರದುರ್ಗಗಳ ಕಡೆಯ ವಾಚಕರಿಗೆ ಇಂತಹ ಆಕಾಶದ ಪರಿಚಯ ಚೆನ್ನಾಗಿ ಇರಬೇಕು.

ಊರಿನ ಭೂಮಿ ಸುಮಾರು 980 ಹೆಕ್ಟೇರು. ಅದರಲ್ಲಿ ನೀರಾವರಿಯ ಭಾಗ್ಯವಿದ್ದದ್ದು ಎಪ್ಪತ್ತು ಎಕರೆಯಷ್ಟಕ್ಕೆ ಮಾತ್ರ. ಗುಡ್ಡಗಳ ಮೇಲಿನ ಮರಗಳನ್ನು ಕಡಿದದ್ದಾಗಿತ್ತು. ಉಳಿದ ಹುಲ್ಲನ್ನು ದನಕುರಿಗಳು ಮೇಯ್ದಿದ್ದವು. ಮಳೆ ಬಿದ್ದರೆ ನೀರು ಮಣ್ಣನ್ನೂ ಹೊತ್ತುಕೊಂಡು ಒಂದೇ ಓಟಕ್ಕೆ ಊರು ದಾಟುತ್ತಿತ್ತು. ಬೇಸಿಗೆಗೆ ಬಾವಿಗಳು ಬತ್ತಿ ಹೋಗುತ್ತಿದ್ದವು. 1972ರ ಬರಗಾಲ ಮಹಾರಾಷ್ಟ್ರದ ಹಳ್ಳಿಗಳ ಬೆನ್ನೆಲುಬನ್ನೇ ಮುರಿದಿತ್ತು. ಹೊಲ ಕೈಬಿಟ್ಟ ಮೇಲೆ ರಾಳೇಗಣದ ಜನ ಹಿಡಿದ ಉದ್ಯೋಗ ಸಾರಾಯಿ ಕಾಯಿಸುವುದು. ಮೂವತ್ತಕ್ಕೂ ಹೆಚ್ಚು ಭಟ್ಟಿಗಳು ಆ ಪುಟ್ಟ ಊರಿನಲ್ಲಿ ಉರಿಯುತ್ತಿದ್ದವು. ಕಾಯಿಸಿದವರು ಮಾರಿದ್ದಷ್ಟೇ ಅಲ್ಲ, ಕುಡಿದರು, ಕುಡಿದವರು ಬಡಿದಾಡಿದರು. ಭಟ್ಟಿಯ ಒಲೆಗೆ ಸೌದೆ ಸಾಲದೆ ಊರ ಗುಡಿಯ ಮರಮುಟ್ಟುಗಳನ್ನೇ ಕಿತ್ತು ಉರಿಸಿದರೆಂದು ಹೇಳುತ್ತಾರೆ. ದೇವರ ಮನೆಯನ್ನು ಒಲೆಗೆ ಹಾಕಿದ ಊರಿಗೆ ಇನ್ನಾವ ನಾಚಿಕೆ ಉಳಿದೀತು?

ಗುಡಿಯಿಂದ ಆರಂಭ

ಹಜಾರೆಯವರು ಮೊದಲು ಕೈಹಾಕಿದ್ದು ಆ ಗುಡಿಗೆ. ಅದು ಸಂತ ಯಾದವಬಾಬಾ ಅವರ ಹೆಸರಿನ ಗುಡಿ. ನಿವೃತ್ತಿಯ ಕಾಲಕ್ಕೆ ಸೇನೆಯಿಂದ ಬಂದ ಸುಮಾರು 20,000 ರೂಪಾಯಿಗಳನ್ನು ಅವರು ಅದರ ಜೀರ್ಣೋದ್ಧಾರಕ್ಕೆ ಸುರಿದರು. ‘ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು’ ಎಂದು ನಮ್ಮಲ್ಲಿ ಗಾದೆಯಿದೆ. ಸ್ವಂತಕ್ಕೆ ಮನೆಯಿಲ್ಲದವನು ಇದ್ದ ಹಣವನ್ನೆಲ್ಲ ಊರ ಗುಡಿಗೆ ಹಾಕಿದಾಗ ರಾಳೇಗಣದ ಜನರೂ ಮೊದಲು ಬೆರಗಾಗಿರಬೇಕು. ಆದರೆ ನೋಡನೋಡುತ್ತ ಕೆಲವರು ಕಲ್ಲು ಹೊತ್ತರು, ಕೆಲವರು ಮಣ್ಣು ಹೊತ್ತರು. ಹಣವಿಲ್ಲದವರೂ ಕೊಡಬಹುದಾದ ಕಾಣಿಕೆ ಒಂದಿದೆ, ಅದು ಮೈಯ ದುಡಿಮೆ, ಎಂಬ ಪಾಠ ಊರಿಗೆ ಸಿಕ್ಕಿತು. ಶ್ರಮದಾನವೆಂಬ ಈ ಪಾಠದ ಮೇಲೆಯೇ ಮುಂದಿನದೆಲ್ಲ ನಿಂತಿತು.

ಗುಡಿ ಎದ್ದು ನಿಂತ ಮೇಲೆ ಊರಿಗೆ ಕೂಡಿ ಕುಳಿತುಕೊಳ್ಳಲು ಜಾಗವಾಯಿತು. ತರುಣ ಮಂಡಳವೊಂದು ಹುಟ್ಟಿತು. ದೇವರ ಎದುರಿನಲ್ಲಿ ಸಭೆ ಸೇರಿ ಭಟ್ಟಿಗಳನ್ನು ಮುಚ್ಚಬೇಕೆಂದು ಊರು ನಿರ್ಣಯಿಸಿತು. ದೇವರ ಸಾಕ್ಷಿಯಾಗಿ ಆಡಿದ ಮಾತಿಗೆ ತೂಕ ಹೆಚ್ಚು. ಬಹುಪಾಲು ಜನ ತಾವಾಗಿಯೇ ಭಟ್ಟಿ ಆರಿಸಿದರು. ಆರಿಸದವರ ಭಟ್ಟಿಗಳನ್ನು ತರುಣರು ಹೋಗಿ ಒಡೆದರು. ಮುಂದೊಮ್ಮೆ ಹೋಳಿ ಹುಣ್ಣಿಮೆಯಂದು ಅಂಗಡಿಗಳಲ್ಲಿದ್ದ ಬೀಡಿ, ಸಿಗರೇಟು, ತಂಬಾಕನ್ನೆಲ್ಲ ತಂದು ಕಾಮನ ಬೆಂಕಿಗೆ ಹಾಕಿದರು. ಅಲ್ಲಿಂದ ಮುಂದೆ ಊರಿನ ಅಂಗಡಿಗಳಲ್ಲಿ ಅವು ಮಾರಾಟಕ್ಕೆ ಬರಲಿಲ್ಲ.

ನೀರಿನ ಲೆಕ್ಕ

ಕುಡಿತ ನಿಂತರೆ ಸಾಲದು, ಹೊಟ್ಟೆಗೆ ಬೇಕಲ್ಲ! ನೀರಿಲ್ಲದೆ ಬೆಳೆಯಿಲ್ಲ. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರು ಗಮನಿಸಬೇಕು. ಒಂದು ಹೆಕ್ಟೇರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು 10,000 ಲೀಟರು ನೀರು. ಬರದ ಸೀಮೆಯೆನಿಸಿಕೊಂಡ ಊರಿನಲ್ಲಿ 400 ಮಿಲಿಮೀಟರು ಮಳೆಯಾದರೂ ಹೆಕ್ಟೇರಿಗೆ 40 ಲಕ್ಷ ಲೀಟರಾಯಿತು. 980 ಹೆಕ್ಟೇರಿಗೆ 392 ಕೋಟಿ ಲೀಟರು! ಬಂದ ನೀರಿಗೆ ನಿಲ್ಲಲು ತಾಣವಿಲ್ಲದ್ದೇ ಊರಿನ ದಾರಿದ್ರ್ಯದ ಮೂಲ.

ಈ ವಿಷಯದಲ್ಲಿ ಹಜಾರೆಯವರಿಗೆ ದಾರಿ ತೋರಿಸಿದವರು ವಿಲಾಸರಾವ್ ಸಾಳುಂಖೆ. ಪುಣೆಯಲ್ಲಿ ಉದ್ಯಮ ನಡೆಸುತ್ತಿದ್ದ ಈ ಇಂಜಿನಿಯರು 1972ರ ಬರಗಾಲದ ದೃಶ್ಯಗಳಿಂದ ಮನಕರಗಿ, ಪುರಂದರ ತಾಲೂಕಿನ ನಾಯಗಾಂವದಲ್ಲಿ ‘ಪಾಣಿ ಪಂಚಾಯತ್’ ಎಂಬ ಪ್ರಯೋಗವನ್ನು ಆರಂಭಿಸಿದ್ದರು. ನೀರು ಊರಿಗೆಲ್ಲ ಸೇರಿದ್ದು; ಅದನ್ನು ಹೊಲದ ಅಳತೆಗೆ ತಕ್ಕಂತೆ ಹಂಚದೆ ಮನೆಯ ಮಂದಿಯ ತಲೆಯೆಣಿಕೆಗೆ ತಕ್ಕಂತೆ ಹಂಚಬೇಕು; ಭೂಮಿಯಿಲ್ಲದವನಿಗೂ ಪಾಲು ಇರಬೇಕು; ನೀರು ನುಂಗುವ ಕಬ್ಬು ಬೇಡ. ಇವು ಅದರ ನಿಯಮಗಳು. ಹಜಾರೆಯವರು ಅಲ್ಲಿಗೆ ಹೋಗಿ ಕಂಡು ಬಂದರು.

ರಾಳೇಗಣದಲ್ಲಿ ಸರಕಾರ ಕಟ್ಟಿಸಿದ್ದ ಜಿನುಗು ಕೆರೆಯೊಂದಿತ್ತು. ಜಿನುಗು ಕೆರೆಯೆಂದರೆ ಕಾಲುವೆ ತೆಗೆದು ಗದ್ದೆಗೆ ನೀರು ಬಿಡುವ ಕೆರೆಯಲ್ಲ. ಮಳೆಯ ನೀರು ಅದರಲ್ಲಿ ನಿಂತು ನಿಧಾನವಾಗಿ ನೆಲದೊಳಗೆ ಇಂಗಿ, ಕೆಳಗಿನ ಬಾವಿಗಳಿಗೆ ಊಟೆಯಾಗಿ ಬರಬೇಕು. ಆದರೆ ಈ ಕೆರೆಯ ಏರಿ ಕಟ್ಟಿದ ಹೊಸತರಲ್ಲಿಯೇ ಸೋರಿ, ಕೆರೆ ಇದ್ದೂ ಇಲ್ಲದಂತಾಗಿತ್ತು. ಊರ ಜನ ಗುದ್ದಲಿ ಬುಟ್ಟಿ ಹಿಡಿದು ಅದನ್ನು ತಾವೇ ಸರಿಪಡಿಸಿದರು. ಮುಂದಿನ ಬೇಸಿಗೆಯಲ್ಲಿ ಕೆರೆಯ ಕೆಳಗಿನ ಏಳು ಬಾವಿಗಳಲ್ಲಿ ನೀರು ನಿಂತಿತು. ಊರಿನ ಹಿರಿಯರ ನೆನಪಿನಲ್ಲೇ ಬೇಸಿಗೆಯ ನೀರನ್ನು ಕಂಡಿದ್ದಿಲ್ಲ. ನೂರು ಭಾಷಣಗಳು ಮಾಡಲಾರದ್ದನ್ನು ಆ ಏಳು ಬಾವಿಗಳು ಮಾಡಿದವು.

ಆ ಮೇಲೆ ಕೆಲಸ ಗುಡ್ಡದ ನೆತ್ತಿಯಿಂದ ಕಣಿವೆಯ ಕಡೆಗೆ ಇಳಿದು ಬಂದಿತು. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಸಾಗುವ ಕಂದಕಗಳನ್ನು ತೋಡಿದರು. ಅವುಗಳ ದಂಡೆಯಲ್ಲಿ ಹುಲ್ಲು, ಗಿಡಮರಗಳನ್ನು ಬೆಳೆಸಿದರು. ಹಳ್ಳಗಳಿಗೆ ಅಲ್ಲಲ್ಲಿ ಮಣ್ಣಿನ ಒಡ್ಡು, ಕಲ್ಲಿನ ತಡೆಗಳನ್ನು ಹಾಕಿದರು. ಓಡುವ ನೀರು ನಡೆಯುವಂತಾಯಿತು. ನಡೆಯುವ ನೀರು ನಿಲ್ಲುವಂತಾಯಿತು. ನಿಂತ ನೀರು ಇಂಗಿತು. ನೀರು ಹೆಚ್ಚಿದಾಗ ಮನುಷ್ಯನ ಆಸೆಯೂ ಹೆಚ್ಚುವುದೆಂಬುದನ್ನು ಅರಿತು ಕಬ್ಬಿನ ಬೆಳೆಯನ್ನು ಊರು ದೂರವಿಟ್ಟಿತು. ಬೇಳೆಕಾಳು, ಎಣ್ಣೆಬೀಜ, ಈರುಳ್ಳಿ ಮುಂತಾದ ಮಿತನೀರಿನ ಬೆಳೆಗಳು ಬಂದವು. ಮೇವು ದೊರೆತುದರಿಂದ ಹಾಲಿನ ವ್ಯಾಪಾರ ಬೆಳೆಯಿತು. ಕೂಲಿಗಾಗಿ ಊರು ಬಿಡುತ್ತಿದ್ದವರಿಗೆ ಊರಿನಲ್ಲೇ ಕೆಲಸವಾಯಿತು.

ಈ ಬಾಳುವೆಯನ್ನು ಹಿಡಿದು ನಿಲ್ಲಿಸಲು ಐದು ಕಟ್ಟಳೆಗಳಾದವು: ಕುಡಿತವಿಲ್ಲ, ಮರಕ್ಕೆ ಕೊಡಲಿಯಿಲ್ಲ, ದನಗಳನ್ನು ಗುಡ್ಡಕ್ಕೆ ಬಿಟ್ಟು ಮೇಯಿಸುವುದಿಲ್ಲ, ಕುಟುಂಬ ಮಿತವಾಗಿರಬೇಕು, ಊರಿನ ಕೆಲಸಕ್ಕೆ ಮೈಮುರಿದು ದುಡಿಯಬೇಕು.

ಕಣಜ, ಶಾಲೆ, ಮದುವೆ

ಮಳೆ ಕೈಕೊಟ್ಟ ವರ್ಷ ಬಡ ರೈತನು ಸಾಹುಕಾರನ ಬಾಗಿಲಿಗೆ ಹೋಗುವುದು ನಮ್ಮ ನಾಡಿನ ಹಳೆಯ ಕಥೆ. ಅದನ್ನು ತಪ್ಪಿಸಲು 1980ರಲ್ಲಿ ಗುಡಿಯಲ್ಲಿಯೇ ಧಾನ್ಯದ ಬ್ಯಾಂಕೊಂದನ್ನು ತೆರೆದರು. ಬೆಳೆ ಹೆಚ್ಚಾದವರು ತಮ್ಮ ಪಾಲಿನ ಧಾನ್ಯವನ್ನು ತಂದು ಹಾಕಿದರು. ಕಷ್ಟದ ಕಾಲದಲ್ಲಿ ಇಲ್ಲದವರು ಒಯ್ದರು. ಬೆಳೆ ಬಂದಾಗ ಅಷ್ಟನ್ನೂ, ಮೇಲೆ ಬಡ್ಡಿಯಾಗಿ ಇನ್ನಷ್ಟನ್ನೂ ಅಳೆದು ಕೊಟ್ಟರು. ಹಸಿದ ಮನೆಯ ಮಾನ ಉಳಿಯಿತು. ಸುಗ್ಗಿಯಲ್ಲಿ ಅಗ್ಗಕ್ಕೆ ಕಾಳು ಮಾರಿಕೊಳ್ಳುವ ದುರವಸ್ಥೆಯೂ ತಪ್ಪಿತು.

ಊರಿಗೆ ಮೊದಲ ಶಾಲೆ ಬಂದದ್ದು 1932ರಲ್ಲಿ, ಒಂದೇ ಕೋಣೆಯದು. 1971ರಲ್ಲಿ ಊರಿನ 1,209 ಜನರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಮೂವತ್ತು ಮಾತ್ರ. ಮುಂದೆ ಓದಬೇಕಾದ ಗಂಡುಮಕ್ಕಳು ಶಿರೂರಿಗೋ ಪಾರನೇರಕ್ಕೋ ಹೋಗಬೇಕಾಗಿತ್ತು. ಹೆಣ್ಣುಮಕ್ಕಳ ಓದು ಊರಿನ ಪ್ರಾಥಮಿಕ ಶಾಲೆಗೇ ಮುಗಿಯುತ್ತಿತ್ತು. 1979ರಲ್ಲಿ ಪ್ರೌಢಶಾಲೆಯನ್ನು ಆರಂಭಿಸಿದರು. ಸರಕಾರದಿಂದ ಬಂದ ನಾಲ್ಕು ಲಕ್ಷ ರೂಪಾಯಿಗಳಿಗೆ ಊರಿನ ಶ್ರಮವೂ ಕೂಡಿ ಎರಡೇ ತಿಂಗಳಲ್ಲಿ ಕಟ್ಟಡ ಎದ್ದಿತು. ಇತರ ಶಾಲೆಗಳಲ್ಲಿ ನಪಾಸಾದ ಮಕ್ಕಳಿಗೆ ಇಲ್ಲಿ ಪ್ರವೇಶ ದೊರೆಯಿತೆಂಬುದು ಇದರ ವೈಶಿಷ್ಟ್ಯ. 1982ರಲ್ಲಿ ಊರಿನ ಹೆಣ್ಣುಮಗಳೊಬ್ಬಳು ಮೊಟ್ಟಮೊದಲಿಗೆ ಎಸ್.ಎಸ್.ಸಿ. ಪರೀಕ್ಷೆಯನ್ನು ಮುಗಿಸಿದಳು. ಒಂದು ಊರಿನ ಚರಿತ್ರೆಯಲ್ಲಿ ಇದು ಸಣ್ಣ ದಿನವಲ್ಲ.

ಮದುವೆಯ ದುಂದಿನಿಂದ ಮುಳುಗುತ್ತಿದ್ದ ಸಂಸಾರಗಳಿಗಾಗಿ ಸಾಮೂಹಿಕ ವಿವಾಹಗಳು ನಡೆದವು. ಪಾತ್ರೆ, ಚಪ್ಪರ, ಧ್ವನಿವರ್ಧಕಗಳನ್ನು ತರುಣ ಮಂಡಳವೇ ಕೊಂಡಿತು. ಅಡುಗೆ ಬಡಿಸುವಿಕೆಗಳನ್ನೂ ತರುಣರೇ ವಹಿಸಿಕೊಂಡರು. 1976ರಿಂದ 1986ರವರೆಗೆ ದಲಿತರ ಮದುವೆಗಳೂ ಇತರ ಜಾತಿಯವರ ಮದುವೆಗಳೊಂದಿಗೆ ಅದೇ ಚಪ್ಪರದಲ್ಲಿ ನಡೆದವು. ದಲಿತರ ಮನೆಗಳನ್ನು ಕಟ್ಟಲು ಮೇಲುಜಾತಿಯವರು ಕೈಗೂಡಿಸಿದರು; ಅವರ ಸಾಲ ತೀರಿಸಲು ನೆರವಾದರು.

ದಂಡಂ ದಶಗುಣಂ?

ಇಷ್ಟನ್ನು ಹೇಳಿ ನಿಲ್ಲಿಸಿದರೆ ಕಥೆ ಸೊಗಸಾಗಿಯೇ ಇರುತ್ತದೆ, ಆದರೆ ಪೂರ್ಣವಾಗುವುದಿಲ್ಲ. ಊರು ನಿರ್ಣಯಿಸಿದ ಮೇಲೂ ಕುಡಿದು ಬಂದವರನ್ನು ಗುಡಿಯ ಕಂಬಕ್ಕೆ ಕಟ್ಟಿ ಹೊಡೆದದ್ದೂ ಉಂಟು. ಹಜಾರೆಯವರು ಇದನ್ನು ಎಂದೂ ಮುಚ್ಚಿಡಲಿಲ್ಲ. ಕಾಯಿಲೆಯ ಮಗುವಿಗೆ ತಾಯಿಯು ಬಲವಂತವಾಗಿ ಕಹಿ ಮದ್ದು ಕುಡಿಸುವಂತೆ ಇದೂ ಒಂದು ಎಂಬುದು ಅವರ ಸಮರ್ಥನೆ. ಗಾಂಧಿಯವರನ್ನು ಗುರುವೆಂದು ನೆನೆಯುವವರ ಕೈಯಲ್ಲಿ ಬಾರುಕೋಲು ಹೇಗೆ ಬಂದಿತೆಂದು ಹಲವರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಸಮಾಜಶಾಸ್ತ್ರಜ್ಞರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ದೀರ್ಘಕಾಲ ಈ ಊರಿನ ಪಂಚಾಯಿತಿಗೆ ಅವಿರೋಧ ಆಯ್ಕೆಯೇ ರೂಢಿಯಾಗಿತ್ತು. ಒಮ್ಮತವೆಂದರೆ ಎಲ್ಲರ ಮತವೋ, ಅಥವಾ ಬೇರೆ ಮತವನ್ನು ಬಾಯಿಬಿಟ್ಟು ಹೇಳಲಾರದ ಸ್ಥಿತಿಯೋ? ಸೇನೆಯಲ್ಲಿ ಆಜ್ಞೆಗೆ ಎದುರುಮಾತಿಲ್ಲ, ಊರು ಸೇನೆಯಲ್ಲ. ತಂದೆಯಂತೆ ಪ್ರೀತಿಸುವ ಮುಂದಾಳು ತಂದೆಯಂತೆಯೇ ದಂಡಿಸಲೂ ಹೊರಟಾಗ, ಬಡವನಾದವನು, ದಲಿತನಾದವನು ತನ್ನ ಬೇಸರವನ್ನು ಯಾರ ಮುಂದೆ ಹೇಳಿಕೊಳ್ಳಬೇಕು?

ಇನ್ನೊಂದು ಪಕ್ಷದ ಮಾತೂ ಹಗುರವಲ್ಲ. ಕುಡುಕನ ಬೆನ್ನಿನ ಬಾಸುಂಡೆ ಊರಿಗೆಲ್ಲ ಕಾಣುತ್ತದೆ. ಅದಕ್ಕೆ ಮೊದಲು ಅವನ ಹೆಂಡತಿಯ ಬೆನ್ನಿನ ಮೇಲೆ ಎದ್ದ ಬಾಸುಂಡೆಗಳನ್ನು ಎಣಿಸಿದವರಾರು? ಮೂವತ್ತು ಭಟ್ಟಿಗಳ ನಡುವೆ ಮಕ್ಕಳನ್ನು ಸಾಕಿದ ತಾಯಂದಿರಿಗೆ ಆ ಊರಿನ ಶಾಂತಿ ಸುಲಭವಾಗಿ ಬಂದದ್ದಲ್ಲ. ಹಾಗೆಂದು ಏಟನ್ನು ನ್ಯಾಯವೆನ್ನಲೂ ಆಗದು. ರಾಳೇಗಣದಲ್ಲಿ ನೆಲೆನಿಂತ ಒಳಿತುಗಳನ್ನು ಲೆಕ್ಕ ಹಾಕಿದರೆ, ಕೆರೆಯ ಏರಿ, ಕಣಜ, ಶಾಲೆ ಇವೊಂದೂ ಬಾರುಕೋಲಿನಿಂದ ಬಂದವಲ್ಲ. ಜನ ತಾವಾಗಿ ಕೊಟ್ಟ ದುಡಿಮೆಯಿಂದ ಬಂದವು.

ದಿಲ್ಲಿಯ ದಾರಿ, ಗುಡಿಯ ಕೋಣೆ

ಗೌರವಗಳು ಬಂದವು: 1990ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ. ಮಹಾರಾಷ್ಟ್ರ ಸರಕಾರವು ರಾಳೇಗಣದ ಮಾದರಿಯಲ್ಲಿ ‘ಆದರ್ಶ ಗಾಂವ್’ ಯೋಜನೆಯನ್ನು ಹಮ್ಮಿಕೊಂಡು ಅದರ ಹೊಣೆಯನ್ನು ಅವರಿಗೇ ವಹಿಸಿತು. ಊರೂರು ತಿರುಗುವಾಗ ಸರಕಾರಿ ಕಚೇರಿಗಳ ಲಂಚದ ಪರಿಚಯವಾಯಿತು. ಹಳ್ಳಿಯ ಒಡ್ಡಿಗೆ ಬರಬೇಕಾದ ಹಣ ನಡುದಾರಿಯಲ್ಲೇ ಇಂಗಿ ಹೋಗುವುದನ್ನು ಕಂಡರು. ಮಹಾರಾಷ್ಟ್ರದ ಮಾಹಿತಿ ಹಕ್ಕಿನ ಕಾನೂನಿಗಾಗಿ ಅವರು ಹೋರಾಡಿದರು. 2005ರಲ್ಲಿ ಅಂತಹ ಕಾನೂನು ಇಡೀ ದೇಶಕ್ಕೆ ಬಂದಿತು.

2011ರ ಏಪ್ರಿಲಿನಲ್ಲಿ ಜಂತರ್ ಮಂತರಿನಲ್ಲಿ, ಆಗಸ್ಟಿನಲ್ಲಿ ರಾಮಲೀಲಾ ಮೈದಾನದಲ್ಲಿ ಲೋಕಪಾಲ ಕಾನೂನಿಗಾಗಿ ಅವರು ನಡೆಸಿದ ಉಪವಾಸಗಳು ಎಲ್ಲರಿಗೂ ತಿಳಿದಿವೆ. ಆ ಕಾನೂನಿನ ಕರಡನ್ನು ಸಿದ್ಧಗೊಳಿಸಲು ನೇಮಕವಾದ ಜಂಟಿ ಸಮಿತಿಯಲ್ಲಿ ಹಜಾರೆಯವರ ಜೊತೆ ಕುಳಿತವರಲ್ಲಿ ಅಂದು ಕರ್ನಾಟಕದ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರೂ ಒಬ್ಬರು. 2013ರ ಡಿಸೆಂಬರಿನಲ್ಲಿ ಸಂಸತ್ತು ಲೋಕಪಾಲ ಮಸೂದೆಯನ್ನು ಅಂಗೀಕರಿಸಿತು. ಅಷ್ಟರಲ್ಲಿ ಸಂಗಡಿಗರಲ್ಲಿ ಕೆಲವರು ರಾಜಕೀಯ ಪಕ್ಷ ಕಟ್ಟಿ ಬೇರೆಯಾಗಿದ್ದರು. ಹಜಾರೆಯವರು ಪಕ್ಷಕ್ಕೆ ಸೇರದೆ ಊರಿಗೆ ಮರಳಿದರು. ದಿಲ್ಲಿಯಲ್ಲಿ ಲಕ್ಷ ಜನ ಕೂಗಿದ ಹೆಸರಿನ ಮನುಷ್ಯನಿಗೆ ಮಲಗಲು ಇದ್ದದ್ದು ಯಾದವಬಾಬಾ ಗುಡಿಯ ಅದೇ ಚಿಕ್ಕ ಕೋಣೆ.

ಮುಂದೆ ಯಾರು?

ಒಬ್ಬ ಮನುಷ್ಯನ ನೆರಳಿನಲ್ಲಿ ಬೆಳೆದ ಊರು ಆ ನೆರಳು ಸರಿದ ಮೇಲೆ ಹೇಗೆ ನಿಂತೀತು? ಈ ಪ್ರಶ್ನೆಗೆ ಅದೇ ಜಿಲ್ಲೆಯ ಹಿವರೇ ಬಾಜಾರವೆಂಬ ಹಳ್ಳಿಯು ಅರ್ಧ ಉತ್ತರವನ್ನು ಕೊಡುತ್ತದೆ. ಅದೂ ಒಂದು ಕಾಲಕ್ಕೆ ಬರಡು ನೆಲ, ಸಾರಾಯಿ, ಗುಳೆ ಇವುಗಳಿಂದ ನೊಂದ ಊರು. ಓದಿದ ತರುಣ ಪೋಪಟರಾವ್ ಪವಾರರು ಸರಪಂಚರಾದ ಮೇಲೆ ಆದರ್ಶ ಗಾಂವ್ ಯೋಜನೆಗೆ ಸೇರಿ ಆ ಊರು ಚಿಗುರಿತು. ಅಲ್ಲಿಯೂ ಕಂದಕ, ಒಡ್ಡು, ಶ್ರಮದಾನ. ಅಲ್ಲಿಯೂ ಕಬ್ಬಿಗೆ ತಡೆ. ಬೇಸಾಯಕ್ಕೆ ಕೊಳವೆ ಬಾವಿ ಕೊರೆಯಲೂ ತಡೆ. ಪವಾರರಿಗೆ 2020ರಲ್ಲಿ ಪದ್ಮಶ್ರೀ ಬಂದಿತು. ವಿದ್ಯೆಯು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಬಲ್ಲದೆಂಬುದಕ್ಕೆ ಇದು ಸಾಕ್ಷಿ. ಆದರೆ ಅಲ್ಲಿಯೂ ಒಬ್ಬ ಮನುಷ್ಯ ಬೇಕಾಯಿತೆಂಬುದು ಉಳಿದ ಅರ್ಧ.

ಜಿನುಗು ಕೆರೆಯ ಸ್ವಭಾವವನ್ನು ಬಲ್ಲವರು ಇನ್ನೊಂದು ಮಾತನ್ನೂ ಹೇಳುತ್ತಾರೆ. ಪ್ರತಿ ಮಳೆಯೂ ನೀರಿನ ಜೊತೆಗೆ ಹೂಳನ್ನೂ ತರುತ್ತದೆ. ಹೂಳು ತೆಗೆಯದಿದ್ದರೆ ಕೆರೆಯ ಅಂಗಳ ಬಿಗಿದು ನೀರು ಇಂಗುವುದು ನಿಲ್ಲುತ್ತದೆ, ಕಂದಕಗಳು ಮುಚ್ಚುತ್ತವೆ, ಒಡ್ಡುಗಳು ಒಡೆಯುತ್ತವೆ. ಒಮ್ಮೆ ಕಟ್ಟಿ ಕೈತೊಳೆದುಕೊಳ್ಳುವ ಕೆಲಸವಲ್ಲ ಅದು. 2001ರ ಜನಗಣತಿಯಂತೆ 2,306 ಜನರಿದ್ದ ರಾಳೇಗಣ ಸಿದ್ಧಿಯಲ್ಲಿ ಭಟ್ಟಿಯ ಹೊಗೆ, ಬತ್ತಿದ ಬಾವಿಗಳನ್ನು ಕಣ್ಣಾರೆ ಕಂಡ ತಲೆಮಾರು ವೃದ್ಧಾಪ್ಯವನ್ನು ಮುಟ್ಟಿದೆ. ನೀರು ತುಂಬಿದ ಬಾವಿಯನ್ನೇ ಹುಟ್ಟಿನಿಂದ ಕಂಡ ಮಕ್ಕಳು ಗುದ್ದಲಿ ಬುಟ್ಟಿಗಳನ್ನು ಎತ್ತಿಕೊಂಡು, ಯಾರ ಅಪ್ಪಣೆಗೂ ಕಾಯದೆ, ಮಳೆಗಾಲಕ್ಕೆ ಮುಂಚೆ ಗುಡ್ಡ ಹತ್ತುವರೇ? ಆ ವೃದ್ಧ ಸಿಪಾಯಿಯ ಬಾಳಿನ ಫಲವನ್ನು ಪದಕಗಳಲ್ಲಿ ಹುಡುಕಬೇಕಾಗಿಲ್ಲ. ಅದು ಆ ಮಕ್ಕಳ ಕೈಯಲ್ಲಿದೆ.